ಹಿಮ ಇತ್ತು, ಚಳಿ ಇರಲಿಲ್ಲ: ಗೇಮ್‌ಗಳು ನಡುಗೋದು ಕಲಿತ ಕಥೆ

ಈ ವಾರದ ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ ಇದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿರೋರಿಗೆ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಇತಿಹಾಸದ ಕಂತಿನಲ್ಲಿ ರಾಜರಿಲ್ಲ, ಸಾಮ್ರಾಜ್ಯ ಇಲ್ಲ. ಇವತ್ತಿನ ವಿಷಯ ಚಳಿ. ಅದೂ ವಿಡಿಯೋ ಗೇಮ್ ಒಳಗಿನ ಚಳಿ.

ಗೇಮ್ ಒಳಗಿನ ಚಳಿಗೂ ಒಂದು ಇತಿಹಾಸನಾ ಅಂತ ಕೇಳಬಹುದು. ಇದೆ. ಹಿಮ ಗೇಮ್‌ಗಳಿಗೆ ಬೇಗ ಬಂತು. ಚಳಿ ಬರೋದಕ್ಕೆ ಮಾತ್ರ ದಶಕಗಳೇ ಬೇಕಾದವು. ಅದನ್ನು ತಂದವರಲ್ಲಿ ದೊಡ್ಡ ಕಂಪನಿಗಳಿಗಿಂತ ಮುಂಚೆ ನಿಂತವರು, ಕೆಲಸ ಮುಗಿಸಿ ರಾತ್ರಿ ಕಂಪ್ಯೂಟರ್ ಮುಂದೆ ಕೂತ ಹವ್ಯಾಸಿಗಳು. ಆ ಕಥೆ ಹೇಳ್ತೀನಿ. ಕೊನೆಯಲ್ಲಿ ಗೇಮ್ ಬಿಟ್ಟು ನಿಜವಾದ ಹಿಮದ ಹತ್ತಿರಾನೂ ಹೋಗೋಣ, ಯಾಕಂದ್ರೆ ಅದು ನಮ್ಮವರಿಗೇ ಸಂಬಂಧಪಟ್ಟ ವಿಷಯ.

ಬರಿಮೈಯಲ್ಲಿ ಹಿಮದ ಸಮುದ್ರಕ್ಕೆ

2011ರ ನವೆಂಬರ್ 11. ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಅವರ 'ದಿ ಎಲ್ಡರ್ ಸ್ಕ್ರಾಲ್ಸ್ 5: ಸ್ಕೈರಿಮ್' ಬಿಡುಗಡೆ ಆಯ್ತು. ಆಡಿದವರಿಗೆ ಗೊತ್ತು, ಆಡದವರಿಗೆ ಎರಡು ಸಾಲಲ್ಲಿ ಹೇಳ್ತೀನಿ. ಸ್ಕೈರಿಮ್ ಅನ್ನೋದು ಒಂದು ಕಾಲ್ಪನಿಕ ಖಂಡದ ಉತ್ತರ ತುದಿಯ ನಾಡು. ಬೆಟ್ಟ, ಹಿಮ, ಡ್ರ್ಯಾಗನ್, ಕೊಡಲಿ ಹಿಡಿದ ಯೋಧರು. ಉತ್ತರಕ್ಕೆ ಹೋದಷ್ಟೂ ಬಿಳಿ. ವಿಂಟರ್‌ಹೋಲ್ಡ್ ಅನ್ನೋ ಊರಿನ ಹತ್ತಿರ ಹಿಮಗಾಳಿ ಬೀಸ್ತಾ ಇದ್ರೆ ಎದುರಿಗಿರೋದು ಕಾಣೋದೇ ಇಲ್ಲ. ಗಾಳಿಯ ಸದ್ದಿಗೇ ನಮ್ಮ ಮೈ ಜುಮ್ಮೆನ್ನುತ್ತೆ. ಬೆಂಗಳೂರಿನಲ್ಲಿ ದಾಖಲಾಗಿರೋ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಹಿಮದಲ್ಲಿ ನಡೆದಿದ್ದು ಇಂಥ ಗೇಮ್‌ಗಳ ಒಳಗೇ.

ಆದ್ರೆ ಒಂದು ವಿಚಿತ್ರ ನೋಡಿ. ಆ ಗೇಮ್‌ನಲ್ಲಿ ನಿಮ್ಮ ಪಾತ್ರದ ಬಟ್ಟೆ ಎಲ್ಲ ಬಿಚ್ಚಿ, ಬರಿಮೈಯಲ್ಲಿ ಉತ್ತರದ ಸಮುದ್ರಕ್ಕೆ ಹಾರಿಸಿ. ಸುತ್ತ ಮಂಜುಗಡ್ಡೆ ತೇಲ್ತಾ ಇರುತ್ತೆ. ಅರ್ಧ ಗಂಟೆ ಈಜಿಸಿ. ಏನೂ ಆಗಲ್ಲ. ಒಂದು ಸೀನೂ ಬರಲ್ಲ. ಹೊರಗೆ ಬಂದು ಅದೇ ಒದ್ದೆ ಮೈಯಲ್ಲಿ ಬೆಟ್ಟ ಹತ್ತಿ ಡ್ರ್ಯಾಗನ್ ಜೊತೆ ಹೊಡೆದಾಡಬಹುದು.

ಇನ್ನೊಂದು ವಿಚಿತ್ರ. ಗೇಮ್‌ನಲ್ಲಿ ನಾರ್ಡ್ ಅಂತ ಒಂದು ಜನಾಂಗ ಇದೆ. ಹುಟ್ಟಿನಿಂದಲೇ ಚಳಿಯನ್ನು ಶೇಕಡಾ 50ರಷ್ಟು ತಡೆಯೋ ಶಕ್ತಿ ಅವರಿಗಿದೆ ಅಂತ ಗೇಮ್ ಹೇಳುತ್ತೆ. ಆದ್ರೆ ಆ ಶಕ್ತಿ ಕೆಲಸ ಮಾಡೋದು ಯಾರಾದ್ರೂ ಹಿಮದ ಮಂತ್ರ ಎಸೆದಾಗ, ಡ್ರ್ಯಾಗನ್ ಹಿಮ ಉಗುಳಿದಾಗ ಮಾತ್ರ. ಹವಾಮಾನಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ! ಹವಾಮಾನದಲ್ಲಿ ತಡೆಯೋದಕ್ಕೆ ಏನಾದ್ರೂ ಇದ್ರೆ ತಾನೇ?

ಅಂದ್ರೆ ಅಲ್ಲಿ ಚಳಿ ಅನ್ನೋದು ಒಂದು ಆಯುಧ. ಬೆಂಕಿ, ಮಿಂಚು ಇದ್ದ ಹಾಗೆ ಚಳೀನೂ ಒಂದು ಏಟು. ಸುತ್ತಲಿನ ಹಿಮ ಬರೀ ಬಣ್ಣ. ಇದು ಬೆಥೆಸ್ಡಾ ಅವರ ಮರೆವು ಅಲ್ಲ, ಇದರ ಬೇರು ತುಂಬಾ ಹಿಂದೆ ಇದೆ.

ಮೇಜಿನ ಮೇಲಿನ ಲೆಕ್ಕ

ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ ಅನ್ನೋ ಪ್ರಕಾರದ ಮೂಲ 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಕಂಪ್ಯೂಟರ್ ಇಲ್ಲ. ಮೇಜು, ಕಾಗದ, ಪೆನ್ಸಿಲ್, ದಾಳ, ನಾಲ್ಕೈದು ಗೆಳೆಯರು. ಅದರಲ್ಲೇ ಬಿಳಿ ಡ್ರ್ಯಾಗನ್ ಇತ್ತು, ಅದು ಚಳಿಯನ್ನು ಉಸಿರಾಗಿ ಉಗುಳ್ತಿತ್ತು. ಚಳಿ ಅಂದ್ರೆ ಏಟು ಅನ್ನೋ ಲೆಕ್ಕ ಶುರುವಾಗಿದ್ದು ಅಲ್ಲಿಂದಲೇ.

ಹವಾಮಾನದ ಚಳಿ ಬಗ್ಗೆ ಯಾರೂ ಯೋಚನೆ ಮಾಡಲೇ ಇಲ್ವಾ? ಮಾಡಿದ್ರು. 1986ರಲ್ಲಿ ಕಿಮ್ ಮೋಹನ್ ಬರೆದ 'ವೈಲ್ಡರ್ನೆಸ್ ಸರ್ವೈವಲ್ ಗೈಡ್' ಅನ್ನೋ ನಿಯಮ ಪುಸ್ತಕ ಬಂತು. ಕಾಡು ಮೇಡಿನಲ್ಲಿ ಬದುಕೋದು ಹೇಗೆ, ಹವಾಮಾನ ಹೇಗೆ ಬದಲಾಗುತ್ತೆ, ಯಾವ ಬಟ್ಟೆ ಹಾಕಿದ್ರೆ ಮೈಗೆ ಎಷ್ಟು ಬೆಚ್ಚಗೆ, ಎಲ್ಲಕ್ಕೂ ನಿಯಮ. 2004ರಲ್ಲಿ 'ಫ್ರಾಸ್ಟ್‌ಬರ್ನ್' ಅಂತ ಹಿಮ ಪ್ರದೇಶಕ್ಕೇ ಮೀಸಲಾದ ಇನ್ನೊಂದು ಪುಸ್ತಕ ಬಂತು.

ತೊಂದರೆ ಎಲ್ಲಿತ್ತು ಅಂದ್ರೆ, ಲೆಕ್ಕ ಇಡೋರು ಯಾರು? ಭಾನುವಾರ ಮಧ್ಯಾಹ್ನ ಗೆಳೆಯರು ಸೇರಿರೋದು ಸಾಹಸ ಮಾಡೋಕೆ. ಗಾಳಿ ಎಷ್ಟು, ಕೋಟು ಎಷ್ಟು ದಪ್ಪ, ಒದ್ದೆ ಆಗಿ ಎಷ್ಟು ಹೊತ್ತಾಯ್ತು ಅಂತ ಪ್ರತಿ ಹೆಜ್ಜೆಗೂ ಕಾಗದದ ಮೇಲೆ ಕೂಡಿಸಿ ಕಳೆಯೋದು ಯಾರಿಗೂ ಬೇಡ. 2014ರ ನಿಯಮ ಪುಸ್ತಕ ಬರೋ ಹೊತ್ತಿಗೆ ಇದನ್ನು ಚೆನ್ನಾಗಿ ಇಳಿಸಿಬಿಟ್ಟಿದ್ರು. ಉಷ್ಣಾಂಶ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ್ರೆ ಗಂಟೆಗೊಂದು ಸಲ ದಾಳ ಹಾಕು. ಸೋತರೆ ಬಳಲಿಕೆ ಒಂದು ಮೆಟ್ಟಿಲು ಏರುತ್ತೆ. ಆರನೇ ಮೆಟ್ಟಿಲು ಸಾವು. ಚಳಿಗೆ ತಕ್ಕ ಬಟ್ಟೆ ಇದ್ರೆ ದಾಳಾನೇ ಹಾಕೋದು ಬೇಡ. ಮುಗೀತು.

ಲೆಕ್ಕ ಬೇಜಾರು ಅಂದ್ರೆ ಕಂಪ್ಯೂಟರ್ ಇದೆಯಲ್ಲ, ಅದು ಬೇಜಾರಿಲ್ಲದೆ ಲೆಕ್ಕ ಹಾಕುತ್ತೆ ಅಂತ ನೀವು ಅನ್ನಬಹುದು. ಸರಿಯಾದ ಪ್ರಶ್ನೆ. 1980ರ 'ರೋಗ್' ಗೇಮ್‌ನಲ್ಲೇ ಹಸಿವಿನ ಲೆಕ್ಕ ಇತ್ತು, ತಿನ್ನದಿದ್ರೆ ಪಾತ್ರ ಸಾಯ್ತಿತ್ತು. ಆದ್ರೂ ಚಳಿಯ ಲೆಕ್ಕ ಬಹುತೇಕರು ಮುಟ್ಟಲಿಲ್ಲ. 2000ದಲ್ಲಿ ಬ್ಲ್ಯಾಕ್ ಐಲ್ ಸ್ಟುಡಿಯೋಸ್ 'ಐಸ್‌ವಿಂಡ್ ಡೇಲ್' ಅನ್ನೋ ಒಳ್ಳೇ ಗೇಮ್ ತಂದ್ರು. ಹೆಸರಲ್ಲೇ ಹಿಮಗಾಳಿ ಇದೆ, ಇಡೀ ಕಥೆ ನಡೆಯೋದು ಹಿಮದ ನಾಡಿನಲ್ಲಿ. ಆದ್ರೆ ಪಾತ್ರಗಳಿಗೆ ಹವಾಮಾನದ ಚಳಿ ತಟ್ಟೋದೇ ಇಲ್ಲ. ಯಾಕಂದ್ರೆ ಆಗಿನ ನಂಬಿಕೆ ಒಂದೇ. ಆಡೋರು ವೀರರಾಗೋಕೆ ಬಂದಿದ್ದಾರೆ, ಸ್ವೆಟರ್ ಹುಡುಕೋಕೆ ಅಲ್ಲ.

ಫಿನ್‌ಲೆಂಡ್‌ನಲ್ಲಿ ಒಬ್ಬ

ಆ ನಂಬಿಕೆಗೆ ಸೊಪ್ಪು ಹಾಕದವನು ಒಬ್ಬ ಫಿನ್‌ಲೆಂಡ್‌ನಲ್ಲಿದ್ದ. ಚಳಿ ಅಂದ್ರೆ ಏನು ಅಂತ ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಹೆಸರು ಸಾಮಿ ಮಾರನೆನ್. 1992ರಲ್ಲಿ ಅವರು 'ಅನ್‌ರಿಯಲ್ ವರ್ಲ್ಡ್' ಅನ್ನೋ ಗೇಮ್‌ನ ಮೊದಲ ಆವೃತ್ತಿ ಹೊರಗೆ ಬಿಟ್ರು. ಮೊದಮೊದಲು ಅದು ಮಾಮೂಲಿ ಫ್ಯಾಂಟಸಿ ಗೇಮ್ ಥರಾನೇ ಇತ್ತು. ವರ್ಷ ಕಳೆದಂತೆ ಅದು ತನ್ನ ನೆಲಕ್ಕೆ ವಾಪಸ್ ಬಂತು. ಕಬ್ಬಿಣ ಯುಗದ ಫಿನ್‌ಲೆಂಡ್, ಅಲ್ಲಿನ ಬೇಟೆ, ಮೀನು, ತುಪ್ಪಳ, ಅಲ್ಲಿನ ಜನಪದ ನಂಬಿಕೆಯ ಆತ್ಮಗಳು ಮತ್ತು ಆಚರಣೆಗಳು. ಚಿತ್ರಗಳು ಇವತ್ತಿಗೂ ಸರಳ. ಫೋನ್‌ನಲ್ಲಿ ಬರೋ ಸಾಧಾರಣ ಗೇಮ್ ಕೂಡ ನೋಡೋಕೆ ಇದಕ್ಕಿಂತ ಚೆನ್ನಾಗಿರುತ್ತೆ.

ಆದ್ರೆ ಈ ಗೇಮ್‌ನಲ್ಲಿ ಋತು ತಿರುಗುತ್ತೆ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟುತ್ತೆ. ಮೈಯ ಯಾವ ಭಾಗದ ಮೇಲೆ ಯಾವ ಬಟ್ಟೆ, ಎಷ್ಟು ಪದರ ಅನ್ನೋದರ ಮೇಲೆ ನಿಮ್ಮ ಬದುಕು ನಿಂತಿರುತ್ತೆ. ಬೇಸಿಗೆಯಲ್ಲಿ ಮಜಾ ಮಾಡಿ, ತುಪ್ಪಳ ಕೂಡಿಡದೆ, ಮಾಂಸ ಒಣಗಿಸದೆ ಇದ್ರೆ ಮಾಗಿಯಲ್ಲಿ ಪಾತ್ರ ಸಾಯುತ್ತೆ. ಯಾವ ರಾಕ್ಷಸನೂ ಬರಬೇಕಿಲ್ಲ. ಮೂವತ್ತು ವರ್ಷ ದಾಟಿದ್ರೂ ಅದರ ಕೆಲಸ ನಿಂತಿಲ್ಲ, ಹೊಸ ಆವೃತ್ತಿಗಳು ಬರ್ತಾನೇ ಇವೆ.

ಇದು ಗೇಮ್ ಇತಿಹಾಸದ ಒಂದು ಪಾಠ. ಹೊಸ ವಿಚಾರ ಎಷ್ಟೋ ಸಲ ದೊಡ್ಡ ಬೀದಿಯಲ್ಲಿ ಹುಟ್ಟಲ್ಲ, ಸಂದಿಯಲ್ಲಿ ಹುಟ್ಟುತ್ತೆ.

ಫ್ರಾಸ್ಟ್‌ಫಾಲ್: ನಕ್ಷೆ ಅದೇ, ನಾಡು ಬೇರೆ

ಈಗ ಸ್ಕೈರಿಮ್‌ಗೆ ವಾಪಸ್ ಬರೋಣ. ಅದಕ್ಕೆ ಒಂದು ವರ್ಷ ಮುಂಚೆ, 2010ರಲ್ಲಿ, ಆಬ್ಸಿಡಿಯನ್ ಅವರ 'ಫಾಲ್ಔಟ್: ನ್ಯೂ ವೇಗಸ್' ಬಂದಿತ್ತು. ಅದರಲ್ಲಿ 'ಹಾರ್ಡ್‌ಕೋರ್' ಅಂತ ಒಂದು ಆಯ್ಕೆ. ಅದನ್ನು ಒತ್ತಿದ್ರೆ ಹಸಿವು, ಬಾಯಾರಿಕೆ, ನಿದ್ದೆ ಮೂರೂ ಲೆಕ್ಕಕ್ಕೆ ಬರ್ತಿದ್ವು. ಮರುಭೂಮಿಯ ಗೇಮ್, ಹಾಗಾಗಿ ಚಳಿ ಇಲ್ಲ. ಆದ್ರೆ ಒಂದು ವಿಷಯ ಗೊತ್ತಾಯ್ತು. ಕಷ್ಟ ಕೊಡಿ ಅಂತ ಕೇಳಿ ಪಡೆಯೋ ಆಟಗಾರರು ಸಾಕಷ್ಟು ಜನ ಇದ್ದಾರೆ.

2012ರ ಫೆಬ್ರವರಿಯಲ್ಲಿ ಬೆಥೆಸ್ಡಾ ಸ್ಕೈರಿಮ್ ಅನ್ನು ಯಾರು ಬೇಕಾದ್ರೂ ಮಾರ್ಪಡಿಸೋಕೆ 'ಕ್ರಿಯೇಷನ್ ಕಿಟ್' ಅನ್ನೋ ಸಾಧನವನ್ನು ಬಿಡುಗಡೆ ಮಾಡಿತು. ಹೀಗೆ ಅಭಿಮಾನಿಗಳು ಮಾಡೋ ಬದಲಾವಣೆಗೆ 'ಮಾಡ್' ಅಂತಾರೆ. ಅದೇ ವರ್ಷ ಚೆಸ್ಕೋ ಅನ್ನೋ ಹೆಸರಿನ ಒಬ್ಬ ಹವ್ಯಾಸಿ 'ಫ್ರಾಸ್ಟ್‌ಫಾಲ್' ಅನ್ನೋ ಮಾಡ್ ಹೊರತಂದ್ರು. ಎಲ್ಡರ್ ಸ್ಕ್ರಾಲ್ಸ್ ಲೋಕದ ಪಂಚಾಂಗದಲ್ಲಿ ಅದು ಒಂದು ತಿಂಗಳ ಹೆಸರು, ನಮ್ಮ ಅಕ್ಟೋಬರ್‌ಗೆ ಸಮ.

ಫ್ರಾಸ್ಟ್‌ಫಾಲ್ ಏನು ಮಾಡ್ತು? ಮುಖ್ಯವಾಗಿ ಎರಡು ಅಳತೆ ತಂತು. ಒಂದು, ಚಳಿಗೆ ನೀವು ಎಷ್ಟು ಒಡ್ಡಿಕೊಂಡಿದ್ದೀರಿ ಅನ್ನೋದು. ಇನ್ನೊಂದು, ಎಷ್ಟು ಒದ್ದೆಯಾಗಿದ್ದೀರಿ ಅನ್ನೋದು. ಈ ಎರಡನೇದೇ ಜಾಣತನ. ನೀರಿಗೆ ಬಿದ್ರೆ ಆ ಕ್ಷಣದ ತೊಂದರೆ ಒಂದು ಕಡೆ, ಹೊರಗೆ ಬಂದಮೇಲೂ ಒದ್ದೆ ಬಟ್ಟೆ ನಿಮ್ಮನ್ನು ಬಿಡಲ್ಲ. ಬೆಂಕಿ ಹಚ್ಚಿ ಒಣಗಿಸಿಕೊಳ್ಳೋ ತನಕ ಚಳಿ ಬೇಗ ಬೇಗ ಏರ್ತಾ ಹೋಗುತ್ತೆ. ತುಪ್ಪಳದ ಉಡುಪಿಗೆ ಬೆಲೆ ಬಂತು, ಮೇಲಂಗಿಗೆ ಬೆಲೆ ಬಂತು, ಹೊತ್ತುಕೊಂಡು ಹೋಗೋ ಡೇರೆಗೆ, ಸೌದೆಗೆ ಬೆಲೆ ಬಂತು.

ಇದರಿಂದ ಆಟ ಹೇಗೆ ಬದಲಾಯ್ತು ನೋಡಿ. ಮೊದಲು ಒಂದು ಊರಿಂದ ಇನ್ನೊಂದು ಊರಿಗೆ ಗೆರೆ ಎಳೆದ ಹಾಗೆ ಓಡ್ತಿದ್ರು. ಈಗ ಹೊರಡೋ ಮುಂಚೆ ಆಕಾಶ ನೋಡಬೇಕು. ಹೊಳೆ ಅಡ್ಡ ಬಂದ್ರೆ ಸೇತುವೆ ಎಲ್ಲಿದೆ ಅಂತ ಹುಡುಕಬೇಕು. ಮೊದಲು ಸಾಮಾನು ಮಾರೋಕೆ ಮಾತ್ರ ಹೋಗ್ತಿದ್ದ ಛತ್ರದ ಬಾಗಿಲು, ಹಿಮಗಾಳಿಯ ನಡುವೆ ಅದರ ದೀಪ ಕಂಡಾಗ, ನಿಧಿ ಸಿಕ್ಕಿದಷ್ಟು ಸಂತೋಷ ಕೊಡೋಕೆ ಶುರುವಾಯ್ತು. ನಕ್ಷೆಯಲ್ಲಿ ಒಂದು ಕಲ್ಲೂ ಅಲುಗಲಿಲ್ಲ. ಆದ್ರೆ ನಾಡೇ ಬೇರೆ ಆಯ್ತು.

ಗಾಳಿ ಮತ್ತು ನೀರು: ಲೆಕ್ಕ ಸರಿ ಇತ್ತಾ?

ಇಲ್ಲಿ ಒಂದು ನಿಮಿಷ ವಿಜ್ಞಾನಕ್ಕೆ ಹೋಗೋಣ. ನಮ್ಮ ಮೈಯ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದ್ರೆ ಅದನ್ನು ಹೈಪೋಥರ್ಮಿಯಾ ಅಂತಾರೆ. ಬರೀ ಎರಡು ಡಿಗ್ರಿ ಅಂತರ! ಮೈ ಕಳೆದುಕೊಳ್ಳೋ ಶಾಖ ಮೈ ಹುಟ್ಟಿಸೋ ಶಾಖಕ್ಕಿಂತ ಜಾಸ್ತಿ ಆದ್ರೆ ಈ ಇಳಿತ ಶುರು. ಒಂಥರಾ ಬ್ಯಾಂಕ್ ಖಾತೆ ಇದ್ದ ಹಾಗೆ. ಜಮಾಕ್ಕಿಂತ ಖರ್ಚು ಜಾಸ್ತಿ.

ಖರ್ಚು ಹೆಚ್ಚಿಸೋ ಇಬ್ಬರು ದೊಡ್ಡ ಕಳ್ಳರು ನೀರು ಮತ್ತು ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತೆ. ಹಾಗಾಗಿ ಫ್ರಾಸ್ಟ್‌ಫಾಲ್ ಒದ್ದೆಯನ್ನು ಬೇರೆ ಅಳತೆ ಮಾಡಿದ್ದು ಸರಿಯಾಗೇ ಇತ್ತು.

ಗಾಳಿಯ ಲೆಕ್ಕ ಹಾಕಿದವರ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಲ್ಲಿದ್ರು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ 250 ಗ್ರಾಂ ನೀರು ತುಂಬಿ ಗಾಳಿಗೆ ನೇತು ಹಾಕಿದ್ರು. ಬೇರೆ ಬೇರೆ ಗಾಳಿ, ಬೇರೆ ಬೇರೆ ಉಷ್ಣಾಂಶದಲ್ಲಿ ಅದು ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೆದ್ರು. 'ವಿಂಡ್ ಚಿಲ್' ಅಂತ ಇವತ್ತು ಹವಾಮಾನ ವರದಿಯಲ್ಲಿ ಕೇಳೋ ಲೆಕ್ಕದ ಬುನಾದಿ ಆ ಡಬ್ಬಿ ನೀರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಆ ಸೂತ್ರವನ್ನು ತಿದ್ದಿ ಹೊಸದು ಮಾಡಿದವು. ಅದರ ಪ್ರಕಾರ ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದ್ರೆ ಚರ್ಮಕ್ಕೆ ಅದು ಸುಮಾರು ಮೈನಸ್ 20ರ ಹಾಗೆ ಅನ್ನಿಸುತ್ತೆ.

ಈ ಲೆಕ್ಕವನ್ನು ನೇರವಾಗಿ ಗೇಮ್ ಪರದೆ ಮೇಲೆ ತಂದದ್ದು ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋದ 'ದಿ ಲಾಂಗ್ ಡಾರ್ಕ್'. 2014ರಲ್ಲಿ ಅರ್ಧ ಸಿದ್ಧ ರೂಪದಲ್ಲಿ, 2017ರ ಆಗಸ್ಟ್‌ನಲ್ಲಿ ಪೂರ್ತಿಯಾಗಿ ಬಂತು. ಇದು ಫ್ಯಾಂಟಸಿ ಅಲ್ಲ, ಕತ್ತಿ ಡ್ರ್ಯಾಗನ್ ಯಾವುದೂ ಇಲ್ಲ. ಹೊರಗಿನ ಉಷ್ಣಾಂಶ ಎಷ್ಟು, ಗಾಳಿಯಿಂದ ಎಷ್ಟು ಕಡಿಮೆ, ಬಟ್ಟೆಯಿಂದ ಎಷ್ಟು ಹೆಚ್ಚು, ಕೊನೆಗೆ ನಿಮಗೆ ಅನ್ನಿಸೋದು ಎಷ್ಟು, ಎಲ್ಲ ಕೂಡಿಸಿ ಕಳೆದು ತೋರಿಸುತ್ತೆ. ಒದ್ದೆ ಬಟ್ಟೆ ಮೈ ಮೇಲೇ ಹೆಪ್ಪುಗಟ್ಟುತ್ತೆ. ಬಂಡೆಯ ಮರೆಗೆ ಸರಿದ್ರೆ ಗಾಳಿ ತಪ್ಪಿ ಅಂಕಿ ಏರುತ್ತೆ. 1986ರಲ್ಲಿ ಮೇಜಿನ ಮೇಲೆ ಬೇಜಾರು ತರಿಸಿದ ಅದೇ ಲೆಕ್ಕವನ್ನು ಈಗ ಕಂಪ್ಯೂಟರ್ ಸದ್ದಿಲ್ಲದೆ ಮಾಡ್ತಿತ್ತು.

2017: ಚಳಿ ದೊಡ್ಡ ಬೀದಿಗೆ ಬಂತು

2017 ಈ ಕಥೆಯ ತಿರುವು. ಆ ವರ್ಷ ಮಾರ್ಚ್ 3ಕ್ಕೆ ನಿಂಟೆಂಡೊ 'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ತಂತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಹಿಮದ ಬೆಟ್ಟ ಎದುರಾಗುತ್ತೆ. ಹತ್ತಿದ್ರೆ ಪಾತ್ರ ಗಡಗಡ ನಡುಗಿ, ಪ್ರಾಣದ ಗುರುತಾದ ಹೃದಯಗಳು ಒಂದೊಂದಾಗಿ ಖಾಲಿ.

ನಿಂಟೆಂಡೊ ಇಲ್ಲಿ ಅಂಕಿ ಅಂಶದ ಹಿಂದೆ ಹೋಗಲಿಲ್ಲ. ಚಳಿಯನ್ನು ಒಗಟು ಮಾಡ್ತು. ಆ ಬೆಟ್ಟ ಹತ್ತೋಕೆ ದಾರಿ ಒಂದಲ್ಲ. ಖಾರದ ಮೆಣಸಿನಕಾಯಿ ಹಾಕಿ ಅಡುಗೆ ಮಾಡಿ ತಿನ್ನಬಹುದು. ಉರಿಯೋ ಪಂಜು ಹಿಡಿದು ನಡೆಯಬಹುದು. ಮುದುಕನೊಬ್ಬನ ಅಡುಗೆಯ ಗುಟ್ಟು ಕಂಡುಹಿಡಿದು ಅವನಿಂದ ಬೆಚ್ಚನೆ ಅಂಗಿ ಪಡೆಯಬಹುದು. ಮುಂದೆ ಬೆಂಕಿಯ ಕತ್ತಿ ಸಿಕ್ಕಿದ್ರೆ ಅದನ್ನು ಬೆನ್ನಿಗೆ ಕಟ್ಟಿಕೊಂಡ್ರೂ ಸಾಕು, ಬೆಚ್ಚಗಿರುತ್ತೆ. ಮೆಣಸಿನಕಾಯಿ ತಿಂದು ಹಿಮಾಲಯ ಹತ್ತೋಕೆ ಆಗಲ್ಲ, ಅದು ಎಲ್ಲರಿಗೂ ಗೊತ್ತು. ಆದ್ರೆ ಆಟದ ಲೋಕದೊಳಗೆ ಅದು ನ್ಯಾಯವಾಗಿ ಕಾಣುತ್ತೆ.

ಅಂದ್ರೆ 'ನೈಜತೆ'ಗೆ ಎರಡು ದಾರಿ ಆಯ್ತು. ಒಂದು ಲಾಂಗ್ ಡಾರ್ಕ್ ದಾರಿ, ಲೆಕ್ಕ ಸರಿ ಇರಬೇಕು. ಇನ್ನೊಂದು ಜೆಲ್ಡಾ ದಾರಿ, ಲೆಕ್ಕ ಹೇಗೇ ಇರಲಿ, ಆಡೋನು ಚಳಿ ಬಗ್ಗೆ ಯೋಚನೆ ಮಾಡಬೇಕು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಥೆಸ್ಡಾ ಕೂಡ ಸ್ಕೈರಿಮ್‌ಗೆ ಅಧಿಕೃತ 'ಸರ್ವೈವಲ್ ಮೋಡ್' ತಂತು. ಹಸಿವು, ಆಯಾಸ, ಚಳಿ. ಪ್ರತಿ ಉಡುಪಿಗೂ ಬೆಚ್ಚಗಿಡೋ ಅಂಕ. ಚಳಿ ಏರಿದಷ್ಟೂ ಆರೋಗ್ಯದ ಪಟ್ಟಿಯೇ ಕುಗ್ಗುತ್ತೆ. ಬಿಸಿ ಸೂಪ್ ಕುಡಿದ್ರೆ ಸ್ವಲ್ಪ ನೆಮ್ಮದಿ. ಹಿಮದ ನೀರಿಗೆ ಹಾರಿದ್ರೆ ಸಾವು. ನಕ್ಷೆಯಲ್ಲಿ ಒತ್ತಿ ಒಂದೇ ಏಟಿಗೆ ಊರಿಂದೂರಿಗೆ ಹೋಗೋ ಸೌಲಭ್ಯ ಬಂದ್. ಬರಿಮೈಯಲ್ಲಿ ಈಜಿದವನಿಗೆ ಕೊನೆಗೂ ಚಳಿ ಹಿಡೀತು, ಆರು ವರ್ಷ ತಡವಾಗಿ!

ಆದ್ರೆ ಇಲ್ಲಿ ಒಂದು ಕಹಿ ಇದೆ, ಅದನ್ನು ಮುಚ್ಚಿಡಬಾರದು. ಫ್ರಾಸ್ಟ್‌ಫಾಲ್ ಉಚಿತವಾಗಿತ್ತು. ಅಧಿಕೃತ ಸರ್ವೈವಲ್ ಮೋಡ್ ಮೊದಲ ಒಂದು ವಾರ ಉಚಿತ, ಆಮೇಲೆ ದುಡ್ಡು. ಇದಕ್ಕೆ ಎರಡು ವರ್ಷ ಮುಂಚೆ, 2015ರ ಏಪ್ರಿಲ್‌ನಲ್ಲಿ, ವಾಲ್ವ್ ಮತ್ತು ಬೆಥೆಸ್ಡಾ ಸೇರಿ ಮಾಡ್‌ಗಳನ್ನು ಮಾರಾಟಕ್ಕಿಡೋ ಪ್ರಯೋಗ ಮಾಡಿದ್ರು. ಮಾರಿದ ದುಡ್ಡಿನಲ್ಲಿ ಮಾಡಿದವರಿಗೆ ಶೇಕಡಾ 25, ಉಳಿದಿದ್ದು ಕಂಪನಿಗಳಿಗೆ. ಮೊದಲ ದಿನದ ಪಟ್ಟಿಯಲ್ಲಿ ಚೆಸ್ಕೋ ಅವರ, ಮೀನು ಹಿಡಿಯೋ ಇನ್ನೊಂದು ಮಾಡ್ ಕೂಡ ಇತ್ತು. ಆಟಗಾರರು ರೊಚ್ಚಿಗೆದ್ರು. ಬೇರೆಯವರ ಕೆಲಸದ ಮೇಲೆ ಕಟ್ಟಿದ್ದಕ್ಕೆ ಯಾರು ಹಣ ತಗೋಬೇಕು ಅನ್ನೋ ಜಗಳವೂ ಶುರುವಾಯ್ತು. ಒಂದೇ ವಾರದೊಳಗೆ ಅಂಗಡಿ ಮುಚ್ಚಿ ದುಡ್ಡು ವಾಪಸ್ ಕೊಟ್ರು.

ಪ್ರಶ್ನೆ ಮಾತ್ರ ಹಾಗೇ ಉಳೀತು. ಹವ್ಯಾಸಿ ಬರೀ ಪ್ರೀತಿಗೆ ಕೆಲಸ ಮಾಡಬೇಕಾ? ಅವನಿಗೆ ದುಡ್ಡು ಬೇಡ್ವಾ? ಕೊಡೋದಾದ್ರೆ ಕಂಪನಿಯ ಪಾಲೆಷ್ಟು? 2021ರ ನವೆಂಬರ್‌ನಲ್ಲಿ, ಗೇಮ್‌ಗೆ ಹತ್ತು ವರ್ಷ ತುಂಬಿದಾಗ, ಸರ್ವೈವಲ್ ಮೋಡ್ ಅನ್ನು ಸ್ಪೆಷಲ್ ಎಡಿಷನ್ ಇರೋರಿಗೆಲ್ಲ ಉಚಿತ ಮಾಡಿದ್ರು. ಒಳ್ಳೇದೇ. ಆದ್ರೆ ಆ ನಾಡಿಗೆ ಚಳಿ ಬೇಕು ಅಂತ ಮೊದಲೇ ತೋರಿಸಿಕೊಟ್ಟಿದ್ದು ಸಂಬಳ ಇಲ್ಲದ ಕೈಗಳು ಅನ್ನೋದು ಇತಿಹಾಸದಲ್ಲಿ ದಾಖಲಾಗಬೇಕು.

2021ರ ಹೊತ್ತಿಗೆ ಚಳಿ ಮಾಮೂಲಿ ಆಗಿಬಿಟ್ಟಿತ್ತು. ಆ ವರ್ಷ ಫೆಬ್ರವರಿಯಲ್ಲಿ ಸ್ವೀಡನ್‌ನ ಐರನ್ ಗೇಟ್ ಅನ್ನೋ ಪುಟ್ಟ ತಂಡ 'ವ್ಯಾಲ್‌ಹೈಮ್' ತಂತು. ವೈಕಿಂಗ್ ಪುರಾಣದ ಲೋಕ. ರಾತ್ರಿ ಚಳಿ, ಮಳೆ ಬಂದ್ರೆ ಒದ್ದೆ, ಬೆಟ್ಟಕ್ಕೆ ಹೋದ್ರೆ ಹೆಪ್ಪುಗಟ್ಟೋದು. ತೋಳದ ಚರ್ಮದ ಮೇಲಂಗಿ ಹೊಲಿಯಬೇಕು. ಮನೆಯೊಳಗೆ ಬೆಂಕಿ ಹಚ್ಚಿದ್ರೆ ಹೊಗೆ ಹೋಗೋಕೆ ದಾರಿ ಬಿಡಬೇಕು, ಇಲ್ದಿದ್ರೆ ಹೊಗೆಗೇ ಜೀವಕ್ಕೆ ಕುತ್ತು. ಸುಮಾರು ಒಂದು ತಿಂಗಳಲ್ಲಿ 50 ಲಕ್ಷ ಪ್ರತಿ ಮಾರಾಟ. ಅದೇ ವರ್ಷ ಜೂನ್‌ನಲ್ಲಿ ಮೈನ್‌ಕ್ರಾಫ್ಟ್‌ಗೂ ಪುಡಿ ಹಿಮ ಬಂತು. ಅದರೊಳಗೆ ಸಿಕ್ಕಿಬಿದ್ರೆ ಪಾತ್ರ ಹೆಪ್ಪುಗಟ್ಟುತ್ತೆ, ಚರ್ಮದ ಉಡುಪು ಒಂದಿದ್ರೆ ಬಚಾವ್. ಸ್ವೆಟರ್ ಹುಡುಕೋಕೆ ಯಾರೂ ಬರಲ್ಲ ಅಂದಿದ್ದ ಕಾಲ ಹೋಯ್ತು.

ಗೇಮ್ ಹೇಳದೇ ಇರೋ ಮಾತು

ಈಗ ನಾನು ಮೊದಲೇ ಹೇಳಿದ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ನೈಜ ಅಂತ ಹೊಗಳಿದ ಮೇಲೂ, ಈ ಗೇಮ್‌ಗಳು ಬಹುತೇಕ ಒಂದು ವಿಷಯದಲ್ಲಿ ತಪ್ಪುತ್ತವೆ. ಅದೂ ಸಣ್ಣ ತಪ್ಪಲ್ಲ.

ಗೇಮ್‌ನಲ್ಲಿ ಚಳಿ ನಿಮ್ಮ ಆರೋಗ್ಯದ ಪಟ್ಟಿಯನ್ನು ತಿನ್ನುತ್ತೆ. ಆದ್ರೆ ಗೇಮ್ ಆಡ್ತಿರೋ ನಿಮ್ಮ ಬುದ್ಧಿ ಪೂರ್ತಿ ಚುರುಕಾಗಿರುತ್ತೆ. ಪಟ್ಟಿ ಕೆಂಪಾಯ್ತು ಅಂತ ಕಾಣುತ್ತೆ, ತಕ್ಷಣ ಬೆಂಕಿ ಹಚ್ಚುತ್ತೀರಿ. ನಿಜವಾದ ಚಳಿ ಹಾಗಲ್ಲ. ಅದು ಕೈಬೆರಳನ್ನು ಮರಗಟ್ಟಿಸಿ, ಜೊತೆಗೇ ಬುದ್ಧಿಗೂ ಕೈ ಹಾಕುತ್ತೆ. ಮೊದಲು ನಡುಕ, ಆಮೇಲೆ ಮಾತು ತೊದಲೋದು, ಹೆಜ್ಜೆ ತಪ್ಪೋದು. ಒಳಗಿನ ಉಷ್ಣಾಂಶ 32ರ ಆಸುಪಾಸಿಗೆ ಇಳಿದ ಮೇಲೆ ನಡುಕವೇ ನಿಂತುಹೋಗಬಹುದು. ಪಕ್ಕದಲ್ಲಿರೋರು 'ಅಬ್ಬಾ, ಸರಿಹೋದ' ಅಂದ್ಕೊಳ್ತಾರೆ. ಅದು ಸರಿಹೋಗಿದ್ದಲ್ಲ, ಕೆಟ್ಟಿದ್ದು. ಕೆಲವರು ಆ ಹಂತದಲ್ಲಿ ಮೈ ಸೆಕೆ ಅನ್ನಿಸಿ ಬಟ್ಟೆ ಬಿಚ್ಚಿಬಿಡ್ತಾರೆ. ಯಾವ ಪಟ್ಟಿಯೂ ಕೆಂಪಾಗಲ್ಲ. ಅಪಾಯ ಗುರುತಿಸಬೇಕಾದ ಮೆದುಳೇ ಮಂಕಾಗಿರುತ್ತೆ.

ಇನ್ನೊಂದು, ಗೇಮ್‌ನಲ್ಲಿ ಬೆಂಕಿ ಮುಂದೆ ಹತ್ತು ಸೆಕೆಂಡ್ ನಿಂತ್ರೆ ಎಲ್ಲ ಸರಿ. ನಿಜದಲ್ಲಿ ಮೈ ಒಳಗೆ ತಣ್ಣಗಾದವರು ಚೇತರಿಸಿಕೊಳ್ಳೋಕೆ ಗಂಟೆಗಟ್ಟಲೆ ಬೇಕು. ಎಷ್ಟೋ ಗೇಮ್‌ಗಳಲ್ಲಿ ಮದ್ಯ ಕುಡಿದ್ರೆ ಚಳಿ ತಡೆಯುತ್ತೆ. ನಿಜದಲ್ಲಿ ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತೆ, ಬೆಚ್ಚಗಾದ ಹಾಗೆ ಅನ್ನಿಸುತ್ತೆ, ಆದ್ರೆ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ? 2024ರ ಜೂನ್ ಮೊದಲ ವಾರ ನೆನಪಿದೆಯಾ? ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ, ಮಾರ್ಗದರ್ಶಕರೂ ಸೇರಿ 22 ಜನ, 4,000 ಮೀಟರಿಗೂ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿಬಿತ್ತು. ಒಂಬತ್ತು ಜನ ತೀರಿಕೊಂಡ್ರು. ಅವರಲ್ಲಿ ಅನುಭವಿ ಚಾರಣಿಗರೂ ಇದ್ರು. ತಿಂಗಳು ಯಾವುದು ನೋಡಿ. ಜನವರಿ ಅಲ್ಲ, ಜೂನ್. ಆ ಎತ್ತರದಲ್ಲಿ ಪಂಚಾಂಗ ನೋಡಿ ಚಳಿ ಬರಲ್ಲ. ಗಾಳಿ ಎದ್ದು, ಮೈ ಒದ್ದೆಯಾಗಿ, ದಾರಿ ಕಾಣದೆ ಹೋದ್ರೆ ಬೇಸಿಗೆಯೂ ಮಾಗಿಯೇ.

ಅವರ ಬಗ್ಗೆ ತೀರ್ಪು ಕೊಡೋಕೆ ನಾನು ಇದನ್ನು ಹೇಳ್ತಿಲ್ಲ. ನಮ್ಮ ಕೇಳುಗರಲ್ಲಿ ಎಷ್ಟೋ ಜನ ಪ್ರತಿ ವರ್ಷ ಹಿಮಾಲಯಕ್ಕೆ ಹೊರಡ್ತೀರಿ. ಅದಕ್ಕೇ ಕೆಲವು ಮಾತು ಮನಸ್ಸಲ್ಲಿ ಇಟ್ಕೊಳ್ಳಿ. ಚಳಿಯಲ್ಲಿ ಗೆಳೆಯನ ಮಾತು ತೊದಲ್ತಾ ಇದ್ರೆ, ಎಡವ್ತಾ ಇದ್ರೆ, ಸುಮ್ನೆ 'ನಾನು ಆರಾಮಾಗಿದ್ದೀನಿ' ಅಂತಿದ್ರೆ, ಅವನ ಮಾತು ನಂಬಬೇಡಿ. ಗಾಳಿಯಿಂದ ಮರೆಗೆ ಕರ್ಕೊಂಡು ಹೋಗಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ. ನೆಲದ ತಣ್ಣಗೆ ತಟ್ಟದ ಹಾಗೆ ಕೆಳಗೆ ಏನಾದ್ರೂ ಹಾಸಿ. ಕೈಕಾಲು ಉಜ್ಜಬೇಡಿ, ಎದೆ ಹೊಟ್ಟೆ ಭಾಗ ಬೆಚ್ಚಗಿಡಿ. ಪೂರ್ತಿ ಎಚ್ಚರ ಇದ್ರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಿ, ಮದ್ಯ ಬೇಡವೇ ಬೇಡ. ಮತ್ತೆ ಆದಷ್ಟು ಬೇಗ ಸಹಾಯಕ್ಕೆ ಕರೆ ಮಾಡಿ.

ಹಿಮದ ನೀರಿಗೆ ಬಿದ್ದವರ ಬಗ್ಗೆ ಕೆನಡಾದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಒಂದು ಸುಲಭ ಸೂತ್ರ ಹೇಳ್ತಾರೆ: 1, 10, 1. ಒಂದು ನಿಮಿಷ ಉಸಿರು ಹಿಡಿತಕ್ಕೆ ತರೋಕೆ. ಹತ್ತು ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತೆ, ಆಗಲೇ ಹೊರಗೆ ಬರಬೇಕು. ಸುಮಾರು ಒಂದು ಗಂಟೆಯಲ್ಲಿ ಚಳಿಗೆ ಪ್ರಜ್ಞೆ ತಪ್ಪುತ್ತೆ. 2011ರ ಸ್ಕೈರಿಮ್‌ನಲ್ಲಿ ಅರ್ಧ ಗಂಟೆ ಈಜಿಸಿದ್ವಲ್ಲ, ಅದರ ಪಕ್ಕ ಈ ಲೆಕ್ಕ ಇಟ್ಟು ನೋಡಿ.

ಕಷ್ಟವನ್ನು ಕೇಳಿ ಪಡೆದವರು

ಹಾಗಾದ್ರೆ ಸುಖವಾಗಿ ಆಡಬಹುದಾದ ಗೇಮ್‌ಗೆ ಜನ ಯಾಕೆ ಹಠ ಮಾಡಿ ಚಳಿ ತುಂಬಿಸಿಕೊಂಡ್ರು? ನನಗೆ ಅನ್ನಿಸೋದು ಇಷ್ಟು. ಸೋಲೋ ಸಾಧ್ಯತೆ ಇಲ್ಲದ ಕಡೆ ನೆಲಕ್ಕೆ ಬೆಲೆ ಇರಲ್ಲ. ಬೆಟ್ಟ ನಿಮಗೆ ಏನೂ ಮಾಡಲ್ಲ ಅಂದ್ರೆ ಅದು ಗೋಡೆ ಮೇಲಿನ ಚಿತ್ರ. ಚಳಿ ಬಂದಮೇಲೆ ಬೆಟ್ಟ ಬೆಟ್ಟವಾಯ್ತು, ಹೊಳೆ ಹೊಳೆಯಾಯ್ತು, ಒಂದು ಬೆಂಕಿ ಗುಡ್ಡೆ ಮನೆಯಾಯ್ತು. ಕತ್ತಿ ಹಿಡಿದವನು ಎಷ್ಟೇ ದೊಡ್ಡ ವೀರನಾದ್ರೂ ಅವನಿಗೂ ಒಂದು ಮೈ ಇದೆ, ಅದಕ್ಕೆ 37 ಡಿಗ್ರಿ ಬೇಕು ಅಂತ ಗೇಮ್ ಒಪ್ಪಿಕೊಳ್ತು. ಅದನ್ನು ಒಪ್ಪಿಸಿದ್ದು ಆಡುವವರೇ.

ಮುಂದಿನ ಸಲ ಗೇಮ್‌ನಲ್ಲಿ ನಿಮ್ಮ ಪಾತ್ರ ನಡುಗಿದಾಗ, ಅದರ ಹಿಂದೆ ಅಂಟಾರ್ಕ್ಟಿಕಾದಲ್ಲಿ ನೇತಾಡಿದ ಒಂದು ಡಬ್ಬಿ ನೀರು, ಫಿನ್‌ಲೆಂಡ್‌ನ ಒಬ್ಬ ಹಠಮಾರಿ, ರಾತ್ರಿ ನಿದ್ದೆಗೆಟ್ಟ ಹವ್ಯಾಸಿಗಳು ಇದ್ದಾರೆ ಅಂತ ನೆನಪಿಸ್ಕೊಳ್ಳಿ.

ಇವತ್ತಿಗೆ ಇಷ್ಟು. ನಿಮಗೆ ಯಾವ ಗೇಮ್‌ನ ಚಳಿ ನಿಜ ಅನ್ನಿಸಿತ್ತು, ಯಾವುದರಲ್ಲಿ ಬರೀ ಬಿಳಿ ಬಣ್ಣ ಇತ್ತು ಅಂತ ನಮಗೆ ಬರೆದು ತಿಳಿಸಿ. ಚಾರಣಕ್ಕೆ ಹೊರಟಿರೋ ಗೆಳೆಯರಿದ್ರೆ ಈ ಕಂತನ್ನು ಅವರಿಗೂ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಬೆಚ್ಚಗಿರಿ, ನಮಸ್ಕಾರ.